ಬಾಡುವ ಬಾಳೆ: ಎಣ್ಣೆ ಹೊಡೆಯುವ ಮುನ್ನ ಗಡ್ಡೆ ಕೊಯ್ದು ನೋಡಿ

ರಾಯಚೂರು ಜಿಲ್ಲೆ ಎಂದೊಡನೆ ನೆನಪಾಗುವುದು ಭತ್ತ, ಹತ್ತಿ, ತೊಗರಿ, ಮೆಣಸಿನಕಾಯಿ. ಬಾಳೆಯ ಹೆಸರು ಬರುವುದು ಆಮೇಲೆ. ಆದರೂ ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕಾಣುವ ಮಾನ್ವಿ, ನಾರಾಯಣಪುರ ಬಲದಂಡೆ ಕಾಲುವೆ ಹರಿಯುವ ದೇವದುರ್ಗ, ಕೊಳವೆಬಾವಿ ನೆಚ್ಚಿಕೊಂಡ ರಾಯಚೂರು ನಗರದ ಸುತ್ತಲಿನ ಹೊಲಗಳಲ್ಲಿ ಬಾಳೆ ಹಾಕುವವರಿದ್ದಾರೆ. ಹೆಚ್ಚಿನವರು ನೆಡುವುದು ಜಿ-9, ಅಂದರೆ ಗ್ರ್ಯಾಂಡ್ ನೈನ್ ತಳಿಯ ಟಿಶ್ಯೂ ಕಲ್ಚರ್ ಸಸಿ. ಆರು ಅಡಿಗೆ ಒಂದರಂತೆ ನೆಟ್ಟರೆ ಎಕರೆಗೆ ಸುಮಾರು 1,200 ಸಸಿ ಹಿಡಿಸುತ್ತವೆ. ಸಸಿ, ಡ್ರಿಪ್, ಗೊಬ್ಬರ, ಆಳು ಎಂದು ಮೊದಲ ಆರು ತಿಂಗಳು ದುಡ್ಡು ಹೋಗುತ್ತಲೇ ಇರುತ್ತದೆ. ಗೊನೆ ಕಡಿದು ಕಾಸು ಕೈಗೆ ಬರಲು ವರ್ಷವೇ ಬೇಕು. ಈ ನಡುವೆ ಗಿಡ ಬಾಡತೊಡಗಿದರೆ ರೈತ ಓಡುವುದು ಗೊಬ್ಬರದ ಅಂಗಡಿಗೆ. ಅಲ್ಲಿಂದ ಎರಡು ಮೂರು ಬಗೆಯ ಎಣ್ಣೆ ತಂದು ಬುಡಕ್ಕೆ ಸುರಿಯುತ್ತಾನೆ. ಗಿಡ ಹಾಗೆಯೇ ಬಾಡುತ್ತದೆ, ಪಕ್ಕದ್ದೂ ಬಾಡುತ್ತದೆ.

ಬ್ಯಾಕ್ಟೀರಿಯಾದಿಂದ ಬರುವ ಬಾಳೆಯ ಸೊರಗು ರೋಗಗಳಿಗೆ, ಗಿಡದೊಳಗೆ ರೋಗ ಹೊಕ್ಕ ಮೇಲೆ, ಗಿಡವನ್ನು ಉಳಿಸುವ ಔಷಧಿ ಇಲ್ಲ. ಕೈಯಲ್ಲಿರುವುದು ಎರಡೇ ಕೆಲಸ. ಒಂದು, ಬಾಡಿಸಿದ್ದು ಯಾವ ರೋಗ ಎಂದು ಸರಿಯಾಗಿ ಗುರುತಿಸುವುದು. ಎರಡು, ಅದು ಮುಂದಿನ ಗಿಡಕ್ಕೂ ಮುಂದಿನ ತೋಟಕ್ಕೂ ದಾಟದಂತೆ ನೋಡಿಕೊಳ್ಳುವುದು. ಎರಡನೆಯದನ್ನು ಒಬ್ಬ ರೈತ ಒಂಟಿಯಾಗಿ ಮಾಡಲಾರ. ಏಕೆಂದರೆ ರೋಗ ಸಾಗುವುದು ನೀರಿನಲ್ಲಿ, ಕಂದಿನಲ್ಲಿ, ಕುಡುಗೋಲಿನಲ್ಲಿ. ಈ ಮೂರೂ ಒಬ್ಬನ ಬದುವಿನೊಳಗೆ ನಿಲ್ಲುವಂಥವಲ್ಲ.

ಬಾಡಿಸುವ ಮೂರು ರೋಗಗಳು

ನಮ್ಮ ನಾಡಿಗೆ ಹೆಚ್ಚು ಗೊತ್ತಿರುವುದು ಪನಾಮಾ ಸೊರಗು ರೋಗ. ಇದು ಬ್ಯಾಕ್ಟೀರಿಯಾದ್ದಲ್ಲ, ಫ್ಯುಸೇರಿಯಂ ಎಂಬ ಶಿಲೀಂಧ್ರದ್ದು. ನಂಜನಗೂಡು ರಸಬಾಳೆಯನ್ನು ಅದರ ತವರಿನಲ್ಲೇ ಅಪರೂಪವಾಗಿಸಿದ್ದು ಮುಖ್ಯವಾಗಿ ಈ ರೋಗವೇ. ಆ ಹಣ್ಣಿಗೆ ಭೌಗೋಳಿಕ ಗುರುತು ಸಿಗುವ ಹೊತ್ತಿಗೆ ತೋಟಗಳು ಬೆರಳೆಣಿಕೆಗೆ ಇಳಿದಿದ್ದವು. ಇದರಲ್ಲಿ ಹಳದಿ ಬಣ್ಣ ಶುರುವಾಗುವುದು ಕೆಳಗಿನ ಹಳೆಯ ಎಲೆಗಳ ಅಂಚಿನಿಂದ. ಎಲೆಗಳು ತೊಟ್ಟಿನ ಬಳಿ ಮುರಿದು ಕಾಂಡದ ಸುತ್ತ ಜೋತು ಬೀಳುತ್ತವೆ. ಬುಡದಲ್ಲಿ ಕಾಂಡ ಉದ್ದಕ್ಕೆ ಸೀಳುತ್ತದೆ. ಗಡ್ಡೆ ಕೊಯ್ದರೆ ಕೆಂಗಂದು ಬಣ್ಣದ ಚುಕ್ಕೆ, ಗೆರೆಗಳು ಕಾಣುತ್ತವೆ, ಆದರೆ ಕೆಟ್ಟ ವಾಸನೆ ಇರುವುದಿಲ್ಲ. ಈ ಶಿಲೀಂಧ್ರ ಮಣ್ಣಿನಲ್ಲಿ ದಶಕಗಳ ಕಾಲ ಬದುಕಬಲ್ಲದು. ಜಿ-9 ಸೇರಿದ ಕ್ಯಾವೆಂಡಿಷ್ ಗುಂಪಿಗೆ ಇದರ ಹಳೆಯ ತಳಿ ಅಷ್ಟಾಗಿ ತಾಗುತ್ತಿರಲಿಲ್ಲ. ಅದನ್ನೂ ಬಲಿ ಪಡೆಯುವ ಟಿಆರ್-4 ಎಂಬ ತಳಿ ಈಗ ಬಿಹಾರ, ಉತ್ತರ ಪ್ರದೇಶಗಳಲ್ಲಿ ಕಾಣಿಸಿಕೊಂಡಿದೆ.

ಎರಡನೆಯದು ಗಡ್ಡೆ ಕೊಳೆ ರೋಗ. ಜಿ-9 ಬೆಳೆಯುವ ಬಯಲುಸೀಮೆಯ ರೈತ ಮೊದಲು ಶಂಕಿಸಬೇಕಾದ ಬ್ಯಾಕ್ಟೀರಿಯಾ ರೋಗ ಇದು. ಪೆಕ್ಟೋಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಇದಕ್ಕೆ ಕಾರಣ. ಹಳೆಯ ಪುಸ್ತಕಗಳಲ್ಲಿ ಇದರ ಹೆಸರು ಎರ್ವಿನಿಯಾ. ನೆಟ್ಟ ಮೊದಲ ಕೆಲವು ತಿಂಗಳಲ್ಲಿ, ಅದರಲ್ಲೂ ಬಿಸಿಲು ಏರಿ ಬುಡದಲ್ಲಿ ನೀರು ನಿಂತಾಗ, ಇದರ ಹಾವಳಿ ಹೆಚ್ಚು. ಎಲೆಗಳು ಕೆಳಮುಖವಾಗಿ ಬಾಗಿ ಒಮ್ಮೆಗೇ ಒಣಗುತ್ತವೆ. ಗಿಡ ಹಿಡಿದು ಎಳೆದರೆ ಬುಡದಲ್ಲಿ ಕಿತ್ತು ಕೈಗೆ ಬರುತ್ತದೆ. ಗಡ್ಡೆಯೂ ಬೇರೂ ಮಣ್ಣಿನಲ್ಲೇ ಉಳಿಯುತ್ತವೆ. ಕೊಯ್ದ ಜಾಗದಲ್ಲಿ ಹಳದಿ ಅಥವಾ ಕೆಂಪು ಮಿಶ್ರಿತ ರಸ ಒಸರುತ್ತದೆ, ಕೊಳೆತ ನಾತ ಹೊಡೆಯುತ್ತದೆ. ಮೂಗೇ ಇಲ್ಲಿ ಅರ್ಧ ಪರೀಕ್ಷೆ ಮುಗಿಸುತ್ತದೆ.

ಮೂರನೆಯದು ಮೋಕೋ ಎಂಬ ದುಂಡಾಣು ಸೊರಗು ರೋಗ. ಇದರ ಮೂಲ ಅಮೆರಿಕ ಖಂಡದ ಉಷ್ಣವಲಯ. ಟ್ರಿನಿಡಾಡ್ ದ್ವೀಪದಲ್ಲಿ ಮೋಕೋ ಎಂಬ ಬಾಳೆ ತಳಿಯನ್ನು ಇದು ಹಾಳುಗೆಡವಿದ್ದರಿಂದ ಈ ಹೆಸರು ಬಂತು. ಭಾರತದಲ್ಲಿ 1960ರ ದಶಕದಲ್ಲೇ ಪಶ್ಚಿಮ ಬಂಗಾಳದಿಂದ ಇದರ ವರದಿಯಾಗಿದೆ. ಟೊಮೆಟೊ, ಬದನೆ, ಶುಂಠಿ ಗಿಡಗಳನ್ನು ಹಸಿರಿದ್ದಾಗಲೇ ಬಾಡಿಸುವ ರಾಲ್‌ಸ್ಟೋನಿಯಾ ಜಾತಿಯದೇ ಇನ್ನೊಂದು ತಳಿ ಇದು. ಟೊಮೆಟೊ ಬಾಡಿಸುವ ತಳಿ ಸಾಮಾನ್ಯವಾಗಿ ಬಾಳೆಗೆ ತಗಲದು. ಹಾಗಾಗಿ ಪಕ್ಕದ ಹೊಲದ ಟೊಮೆಟೊ ಬಾಡಿದ ಮಾತ್ರಕ್ಕೆ ಗಾಬರಿ ಬೇಡ. ಮೋಕೋದಲ್ಲಿ ಹಳದಿಯಾಗುವುದು ಒಳಗಿನ ಎಳೆಯ ಎಲೆ. ಕಂದುಗಳು ಕಪ್ಪಾಗಿ, ತಿರುಚಿ, ಕುಬ್ಜವಾಗುತ್ತವೆ. ಗೊನೆಯಲ್ಲಿ ಒಂದೆರಡು ಕಾಯಿ ಮಾತ್ರ ಅಕಾಲದಲ್ಲಿ ಹಣ್ಣಾಗುತ್ತವೆ. ಸೀಳಿ ನೋಡಿದರೆ ತಿರುಳು ಕಂದುಬಣ್ಣಕ್ಕೆ ತಿರುಗಿರುತ್ತದೆ. ಪನಾಮಾ ರೋಗದಲ್ಲಿ ಕಾಯಿಯ ತಿರುಳು ಹೀಗೆ ಕೆಡುವುದಿಲ್ಲ. ಮೇಲ್ನೋಟಕ್ಕೆ ಒಂದೇ ಎನಿಸುವ ಈ ಎರಡನ್ನು ಬೇರ್ಪಡಿಸಲು ಇದು ಒಳ್ಳೆಯ ಗುರುತು.

ಇವಲ್ಲದೆ ಗಡ್ಡೆಯ ಮೂತಿ ಹುಳು, ಬೇರಿನ ಜಂತುಹುಳು, ಬರಿಯ ನೀರಿನ ಕೊರತೆಯೂ ಬಾಳೆಯನ್ನು ಬಾಡಿಸುತ್ತವೆ. ಹುಳು ಕೊರೆದ ತೂತು, ಜಂತು ಚುಚ್ಚಿದ ಬೇರು ಬ್ಯಾಕ್ಟೀರಿಯಾ ಒಳಹೋಗಲು ದಾರಿಯಾಗುತ್ತವೆ. ಒಂದೇ ಗಿಡದಲ್ಲಿ ಎರಡು ಕಾರಣಗಳು ಕೂಡಿರುವುದೂ ಉಂಟು.

ನೀರಿದ್ದೂ ಬಾಡುವುದೇಕೆ?

ರೈತನನ್ನು ಹೆಚ್ಚು ಗೊಂದಲಕ್ಕೆ ತಳ್ಳುವುದು ಇದೇ ಪ್ರಶ್ನೆ. ಬುಡ ತೇವವಾಗಿದೆ, ಎಲೆ ಮಾತ್ರ ಬಾಡಿದೆ. ರಾಲ್‌ಸ್ಟೋನಿಯಾ ಬೇರಿನ ಗಾಯದಿಂದ ಒಳಹೊಕ್ಕು, ನೀರನ್ನು ಮೇಲೇರಿಸುವ ನಾಳಗಳನ್ನು ಸೇರಿ, ಅಲ್ಲಿ ಲಕ್ಷೋಪಲಕ್ಷವಾಗಿ ಹೆಚ್ಚುತ್ತದೆ. ಹೆಚ್ಚುತ್ತ ಒಂದು ಬಗೆಯ ಲೋಳೆಯನ್ನು ಸುರಿಸುತ್ತದೆ. ಡ್ರಿಪ್ ಪೈಪಿನಲ್ಲಿ ಪಾಚಿ ಕಟ್ಟಿದರೆ ಮೋಟರ್ ಓಡುತ್ತಿದ್ದರೂ ಗಿಡಕ್ಕೆ ಹನಿ ಬೀಳದಂತೆ, ಆ ಲೋಳೆ ನಾಳವನ್ನು ಮುಚ್ಚಿ ನೀರನ್ನು ತಡೆಯುತ್ತದೆ. ಪೆಕ್ಟೋಬ್ಯಾಕ್ಟೀರಿಯಂನ ದಾರಿ ಬೇರೆ. ಸಸ್ಯಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಪೆಕ್ಟಿನ್ ಎಂಬ ವಸ್ತುವನ್ನು ಕರಗಿಸುವ ಕಿಣ್ವಗಳನ್ನು ಅದು ಬಿಡುತ್ತದೆ. ಗಡ್ಡೆ ಮೆತ್ತಗಾಗಿ ಕೊಳೆಯುತ್ತದೆ, ಬೇರಿಗೂ ಕಾಂಡಕ್ಕೂ ಇದ್ದ ಕೊಂಡಿ ಕಳಚುತ್ತದೆ.

ಎರಡು ಪ್ರಸಂಗಗಳಲ್ಲೂ, ಬಾಡಿದ್ದು ಕಂಡು ರೈತ ಇನ್ನಷ್ಟು ನೀರು ಬಿಡುತ್ತಾನೆ. ಗಡ್ಡೆ ಕೊಳೆಗೆ ಅದು ನೇರ ಸಹಾಯ. ನಿಂತ ನೀರಿನಲ್ಲಿ ಬೇರಿಗೆ ಗಾಳಿ ಇಲ್ಲ, ಗಿಡದ ಶಕ್ತಿ ಕುಂದುತ್ತದೆ. ಆ ಸ್ಥಿತಿ ಬ್ಯಾಕ್ಟೀರಿಯಾಕ್ಕೆ ಹಿತ.

ಒಂದು ಗಾಜಿನ ಲೋಟದ ಪರೀಕ್ಷೆ

ಪ್ರಯೋಗಾಲಯಕ್ಕೆ ಹೋಗುವ ಮುನ್ನ ತೋಟದಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬಾಡಿದ, ಆದರೆ ಪೂರ್ತಿ ಕೊಳೆಯದ ಗಿಡದ ಕಾಂಡದಿಂದ ಬಣ್ಣ ಬದಲಾದ ಭಾಗದ ಒಂದು ತುಂಡನ್ನು ಉದ್ದಕ್ಕೆ ಕೊಯ್ಯಿರಿ. ತಿಳಿನೀರು ತುಂಬಿದ ಗಾಜಿನ ಲೋಟದಲ್ಲಿ ಅದರ ತುದಿ ಮಾತ್ರ ಮುಳುಗುವಂತೆ ಅಲುಗಾಡಿಸದೆ ಹಿಡಿಯಿರಿ. ಕೆಲವು ನಿಮಿಷಗಳಲ್ಲಿ ತುದಿಯಿಂದ ಹಾಲಿನಂಥ ಬಿಳಿ ಎಳೆ ನೀರಿಗೆ ಇಳಿಯತೊಡಗಿದರೆ ಅದು ಬ್ಯಾಕ್ಟೀರಿಯಾದ ಸಾಲು. ದುಂಡಾಣು ಸೊರಗು ರೋಗದ ಬಲವಾದ ಸೂಚನೆ. ನೀರು ತಿಳಿಯಾಗಿಯೇ ಉಳಿದು, ತುಂಡಿನಲ್ಲಿ ಕೆಂಗಂದು ಗೆರೆಗಳಿದ್ದರೆ ಪನಾಮಾ ರೋಗದ ಶಂಕೆ ಹೆಚ್ಚು. ಬುಡ ಮೆತ್ತಗಾಗಿ ನಾತ ಬಂದರೆ ಗಡ್ಡೆ ಕೊಳೆ.

ಇದು ಅಂತಿಮ ತೀರ್ಪಲ್ಲ. ಆದರೆ ಶಿಲೀಂಧ್ರನಾಶಕಕ್ಕೆ ದುಡ್ಡು ಸುರಿಯಬೇಕೇ ಬೇಡವೇ ಎಂದು ಅದೇ ದಿನ ತಿಳಿಯಲು ಸಾಕು. ಕಾರ್ಬೆಂಡಜಿಮ್‌ನಂಥ ಶಿಲೀಂಧ್ರನಾಶಕ ಬ್ಯಾಕ್ಟೀರಿಯಾದ ಮೇಲೆ ಕೆಲಸ ಮಾಡುವುದಿಲ್ಲ. ರೋಗದ ಹೆಸರು ತಪ್ಪಿದರೆ ಔಷಧಿಯ ಖರ್ಚು ಪೂರ್ತಿ ದಂಡ. ಖಚಿತಪಡಿಸಿಕೊಳ್ಳಲು ಮಾದರಿಯನ್ನು ಕಾಗದದಲ್ಲಿ ಸುತ್ತಿ, ಒದ್ದೆ ಪ್ಲಾಸ್ಟಿಕ್ ಚೀಲಕ್ಕೆ ತುರುಕದೆ, ರಾಯಚೂರಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ಕೃಷಿ ವಿಶ್ವವಿದ್ಯಾಲಯದ ಸಸ್ಯರೋಗ ತಜ್ಞರಿಗೋ ತಲುಪಿಸಬೇಕು. ಪೂರ್ತಿ ಸತ್ತ ಗಿಡದ ಮಾದರಿಯಿಂದ ಪ್ರಯೋಜನ ಕಡಿಮೆ; ಅದರೊಳಗೆ ಆಗಲೇ ಬೇರೆ ಕೊಳೆತಿನಿ ಜೀವಿಗಳು ಸೇರಿಕೊಂಡಿರುತ್ತವೆ.

ದೋಆಬದ ನೆಲದಲ್ಲಿ ರೋಗದ ದಾರಿಗಳು

ಕೃಷ್ಣೆ, ತುಂಗಭದ್ರೆಯರ ನಡುವಿನ ಈ ನೆಲದಲ್ಲಿ ಎರೆ ಮಣ್ಣು ಹೆಚ್ಚು. ಎರೆ ನೀರನ್ನು ಹಿಡಿದಿಡುತ್ತದೆ, ಬೇಗ ಬಸಿಯಲು ಬಿಡುವುದಿಲ್ಲ. ಮಾನ್ವಿ ಭಾಗದಲ್ಲಿ ಭತ್ತದ ಗದ್ದೆಗಳ ನಡುವೆ ಬಾಳೆ ಹಾಕಿದವರಿಗೆ ಇನ್ನೊಂದು ತೊಂದರೆ: ಗದ್ದೆಯಲ್ಲಿ ತಿಂಗಳುಗಟ್ಟಲೆ ನಿಂತ ನೀರು ನೆಲದಡಿಯಲ್ಲಿ ಜಿನುಗಿ ಪಕ್ಕದ ತೋಟದ ಬುಡಕ್ಕೆ ಬರುತ್ತದೆ. ತಾನು ಲೆಕ್ಕ ಹಾಕಿ ಡ್ರಿಪ್ ಬಿಟ್ಟರೂ ನೆರೆಯವನ ಗದ್ದೆಯ ಬಸಿ ನೀರು ಗಡ್ಡೆ ಕೊಳೆಸಬಲ್ಲದು. ಕಾಲುವೆಯ ಕೊನೆಯ ಭಾಗದ ರೈತರಿಗೆ ನೀರಿನ ಬರ ಇದ್ದೇ ಇದೆ. ಅವರು ಹಳ್ಳಕ್ಕೆ ಇಳಿದ ಬಸಿ ನೀರನ್ನೇ ಪಂಪು ಹಚ್ಚಿ ಎತ್ತುತ್ತಾರೆ. ಮೇಲಿನ ತೋಟದಲ್ಲಿ ಕೊಳೆತ ಗಿಡವನ್ನು ಹಳ್ಳಕ್ಕೆ ಎಸೆದರೆ ಅದರ ಬ್ಯಾಕ್ಟೀರಿಯಾ ಇಳಿಯುವುದು ಇವರ ಹೊಲಕ್ಕೆ.

ದೇವದುರ್ಗದ ಕಥೆ ಸ್ವಲ್ಪ ಬೇರೆ. ಕಾಲುವೆ ನಿಂತ ಬೇಸಿಗೆಯಲ್ಲಿ, ಉಷ್ಣಾಂಶ 40 ಡಿಗ್ರಿ ದಾಟಿದಾಗ, ಕೊಳವೆಬಾವಿಯ ನೀರನ್ನು ಕರೆಂಟ್ ಇದ್ದಾಗ ಒಮ್ಮೆಗೇ ಬಿಡಲಾಗುತ್ತದೆ. ಕಾದ ನೆಲ, ಹಠಾತ್ ನೀರು, ಎಳೆ ಸಸಿ: ಗಡ್ಡೆ ಕೊಳೆಗೆ ಬೇಕಾದ ಮೂರೂ ಕೂಡಿಬರುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಸಸಿ ನೆಡುವುದು ಈ ಕಾರಣಕ್ಕೇ ಅಪಾಯದ ಕೆಲಸ.

ಇನ್ನು ಮನುಷ್ಯರು ತೆರೆಯುವ ದಾರಿಗಳು. ಗೊನೆ ಕಡಿಯಲು ವ್ಯಾಪಾರಿ ಕಳಿಸುವ ಆಳುಗಳು ಒಂದೇ ಕುಡುಗೋಲು ಹಿಡಿದು ದಿನಕ್ಕೆ ಹಲವು ತೋಟ ಸುತ್ತುತ್ತಾರೆ. ಕಂದು ತೆಗೆಯುವಾಗ, ಒಣ ಎಲೆ ಸವರುವಾಗ, ಹೂವು ಕೊಯ್ಯುವಾಗ ರೋಗದ ಗಿಡದ ರಸ ಕುಡುಗೋಲಿಗೆ ಅಂಟಿ ಮುಂದಿನ ಗಿಡದ ಗಾಯಕ್ಕೆ ಸೇರುತ್ತದೆ. ಶ್ರಾವಣದಿಂದ ದೀಪಾವಳಿವರೆಗೆ ಬಾಳೆ ಕಂಬಕ್ಕೂ ಎಲೆಗೂ ಬೇಡಿಕೆ. ಬಾಡತೊಡಗಿದ ಗಿಡದಿಂದ ಗೊನೆ ಹೇಗೂ ಬರುವುದಿಲ್ಲವೆಂದು ಕಂಬವನ್ನಾದರೂ ಮಾರೋಣ ಎನ್ನಿಸುವುದು ಸಹಜ. ಆ ಕಂಬ ಆಯುಧಪೂಜೆ ಮುಗಿಸಿ ಯಾವ ಹಳ್ಳ, ಯಾವ ಕಾಲುವೆ ಸೇರುತ್ತದೋ ಹೇಳುವವರಿಲ್ಲ. ನೆಂಟರ ತೋಟದಿಂದ ಪುಕ್ಕಟೆ ತಂದ ಏಲಕ್ಕಿ ಬಾಳೆಯ ಕಂದೂ ಹಾಗೆಯೇ: ಹೊರಗಿನಿಂದ ಹಸಿರಾಗಿದ್ದು ಒಳಗೆ ರೋಗ ಹೊತ್ತಿರಬಹುದು.

ಈ ಪಾಠ ಉತ್ತರ ಕರ್ನಾಟಕಕ್ಕೆ ಹೊಸದಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಕೊಪ್ಪಳ, ಬಾಗಲಕೋಟೆ, ವಿಜಯಪುರ ಸೀಮೆಯ ದಾಳಿಂಬೆ ತೋಟಗಳನ್ನು ಮಲಗಿಸಿದ ದುಂಡಾಣು ಅಂಗಮಾರಿ ಊರೂರು ಮುಟ್ಟಿದ್ದು ರೋಗ ಹೊತ್ತ ಗೂಟಿ ಸಸಿಗಳಿಂದ, ಚಾಟನಿಯ ಕತ್ತರಿಯಿಂದ, ಮಳೆಹನಿಯ ಸಿಡಿತದಿಂದ. ಭತ್ತದ ರೈತರಿಗೂ ದುಂಡಾಣು ಎಲೆ ಅಂಗಮಾರಿಯ ಪರಿಚಯವಿದೆ. ಬೆಳೆ ಬೇರೆ, ಬ್ಯಾಕ್ಟೀರಿಯಾ ಬೇರೆ, ಹರಡುವ ರೀತಿ ಮಾತ್ರ ಬಹುಪಾಲು ಒಂದೇ.

ಆಂಟಿಬಯೋಟಿಕ್ ಏಕೆ ಉತ್ತರವಲ್ಲ

ಬ್ಯಾಕ್ಟೀರಿಯಾ ರೋಗ ಎಂದೊಡನೆ ಅಂಗಡಿಯವರ ಕೈ ಹೋಗುವುದು ಸ್ಟ್ರೆಪ್ಟೊಸೈಕ್ಲಿನ್ ಪುಡಿಯ ಸಣ್ಣ ಪೊಟ್ಟಣಕ್ಕೆ. ಅದರಲ್ಲಿರುವುದು ಸ್ಟ್ರೆಪ್ಟೊಮೈಸಿನ್ ಮತ್ತು ಟೆಟ್ರಾಸೈಕ್ಲಿನ್. ಎರಡೂ ಮನುಷ್ಯರ ಚಿಕಿತ್ಸೆಯಲ್ಲಿ ಬಳಕೆಯಾಗುವ ಔಷಧಿಗಳು, ಮೊದಲನೆಯದು ಕ್ಷಯರೋಗಕ್ಕೆ ಬಳಸುವಂಥದ್ದು. ಹೊಲದ ಮಣ್ಣಿಗೆ ಸುರಿದಷ್ಟೂ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳು ಹುಟ್ಟುತ್ತವೆ. ಈ ಅಪಾಯ ಮನಗಂಡು ಕೃಷಿಯಲ್ಲಿ ಇವುಗಳ ಬಳಕೆ ನಿಲ್ಲಿಸುವ ಕರಡು ಆದೇಶವನ್ನು ಕೇಂದ್ರ ಕೃಷಿ ಸಚಿವಾಲಯ 2021ರ ಡಿಸೆಂಬರ್‌ನಲ್ಲಿ ಹೊರಡಿಸಿತು.

ಮನುಷ್ಯರ ಆರೋಗ್ಯದ ಮಾತು ಬದಿಗಿಟ್ಟರೂ ರೈತನ ಲೆಕ್ಕಕ್ಕೇ ಇದು ಕೂಡಿಬರುವುದಿಲ್ಲ. ಲೋಳೆಯಿಂದ ಮುಚ್ಚಿಹೋದ ನಾಳಗಳ ಒಳಕ್ಕೆ ಬುಡಕ್ಕೆ ಸುರಿದ ಔಷಧಿ ಸಾಕಷ್ಟು ಏರುವುದೇ ಇಲ್ಲ. ತಾಮ್ರದ ಔಷಧಿಗಳ ಕಥೆಯೂ ಭಾಗಶಃ ಇದೇ. ಲೀಟರಿಗೆ 3 ಗ್ರಾಂ ಪ್ರಮಾಣದಲ್ಲಿ ಕಾಪರ್ ಆಕ್ಸಿಕ್ಲೋರೈಡ್ ಬೆರೆಸಿ ಬುಡ ತೋಯಿಸುವುದು ಗಡ್ಡೆ ಕೊಳೆ ಕಂಡ ಗಿಡದ ಸುತ್ತಲಿನ ಆರೋಗ್ಯವಂತ ಗಿಡಗಳಿಗೆ ರಕ್ಷಣೆ ಕೊಡಬಹುದು. ಒಳಗೆ ಕೊಳೆತ ಗಿಡಕ್ಕೆ ಅದು ಜೀವ ತುಂಬದು. ತಾಮ್ರ ಗಿಡದ ಹೊರಗೆ ಕಾಯುತ್ತದೆ, ಒಳಹೋಗಿ ಹುಡುಕಿ ಕೊಲ್ಲುವುದಿಲ್ಲ.

ನೆಡುವ ಮುನ್ನ, ನೆಟ್ಟ ಮೇಲೆ, ರೋಗ ಕಂಡಾಗ

ನೆಡುವ ಮುನ್ನ ಮಾಡುವ ಕೆಲಸಕ್ಕೆ ಎಲ್ಲಕ್ಕಿಂತ ಹೆಚ್ಚು ಬೆಲೆ. ಎರೆ ಹೊಲದಲ್ಲಿ ಸಮತಟ್ಟಾಗಿ ಗುಂಡಿ ತೋಡುವ ಬದಲು ಏರು ಮಡಿ ಮಾಡಿ ನೆಡಬೇಕು. ತೋಟದ ತಗ್ಗಿನ ಬದಿಗೆ ಬಸಿಗಾಲುವೆ ಬೇಕೇ ಬೇಕು. ಪಕ್ಕದಲ್ಲಿ ಭತ್ತದ ಗದ್ದೆ ಇದ್ದರೆ ಆ ಬದಿಗೂ ಒಂದು ಆಳವಾದ ಕಾಲುವೆ ತೆಗೆಯುವುದು ಲೇಸು. ಟಿಶ್ಯೂ ಕಲ್ಚರ್ ಸಸಿಯನ್ನು ಪ್ರಮಾಣೀಕೃತ ಘಟಕದಿಂದಲೇ ಕೊಳ್ಳಬೇಕು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಿಂದ ಇದಕ್ಕೊಂದು ಪ್ರಮಾಣೀಕರಣ ವ್ಯವಸ್ಥೆ ನಡೆಸುತ್ತಿದೆ. ಆದರೆ ಅದು ಮುಖ್ಯವಾಗಿ ವೈರಸ್ ಮತ್ತು ತಳಿಶುದ್ಧತೆಯನ್ನು ನೋಡುವಂಥದ್ದು. ನರ್ಸರಿಯ ಚೀಲದ ಮಣ್ಣು, ಅಲ್ಲಿನ ನೀರು ಹೇಗಿವೆ ಎಂಬುದನ್ನು ಕೊಳ್ಳುವವರೇ ಹೋಗಿ ನೋಡಬೇಕು. ಬುಡ ಮೆತ್ತಗಿರುವ, ನಾತ ಬರುವ ಒಂದೇ ಒಂದು ಸಸಿ ಕಂಡರೂ ಆ ಸಾಲಿನ ಸಸಿ ಬೇಡ.

ಹಿಂದಿನ ಬೆಳೆ ಯಾವುದೆಂಬುದೂ ಮುಖ್ಯ. ಈರುಳ್ಳಿ, ಆಲೂಗಡ್ಡೆ, ಕ್ಯಾರೆಟ್‌ಗಳನ್ನು ಕೊಳೆಸುವುದೂ ಪೆಕ್ಟೋಬ್ಯಾಕ್ಟೀರಿಯಂ. ಈರುಳ್ಳಿ ಕೊಳೆತ ಹೊಲಕ್ಕೆ ಅದರ ಬೆನ್ನಿಗೇ ಬಾಳೆ ಹಾಕುವುದು, ಗಡ್ಡೆ ಕೊಳೆ ಕಂಡ ತೋಟದಲ್ಲಿ ಈರುಳ್ಳಿಯನ್ನು ಅಂತರ ಬೆಳೆಯಾಗಿಸುವುದು ಎರಡೂ ಬೇಡ. ರೋಗ ಕಂಡ ಹೊಲದಲ್ಲಿ ಕೂಳೆ ಬೆಳೆ ಬಿಡದೆ ಭತ್ತಕ್ಕೋ ಜೋಳಕ್ಕೋ ತಿರುಗುವುದು ಒಳ್ಳೆಯದು. ನೀರು ನಿಲ್ಲಿಸಿ ಭತ್ತ ಬೆಳೆದರೆ ಪನಾಮಾ ಶಿಲೀಂಧ್ರದ ಬಲವೂ ತಗ್ಗುತ್ತದೆ. ಈ ಅನುಕೂಲ ಮಾನ್ವಿಯವರಿಗೆ ಮನೆಬಾಗಿಲಲ್ಲೇ ಇದೆ.

ನೆಟ್ಟ ಮೇಲಿನ ನಿಯಮಗಳು ಸಣ್ಣವು. ಬುಡಕ್ಕೆ ಗಾಯವಾಗುವಂತೆ ಆಳವಾಗಿ ಅಗೆಯಬಾರದು. ನೀರನ್ನು ದಿನವೂ ಸ್ವಲ್ಪ ಸ್ವಲ್ಪವೇ ಕೊಡಬೇಕು. ಗೊನೆಯ ಕೊನೆಯ ಚಿಪ್ಪು ಬಿಟ್ಟ ಮೇಲೆ ತುದಿಯ ಹೂವನ್ನು ಕುಡುಗೋಲಿನಿಂದ ಕೊಯ್ಯದೆ ಕವಲುಕೋಲಿನಿಂದ ತಿರುಚಿ ಮುರಿಯಬೇಕು. ಕುಡುಗೋಲು, ಸಲಿಕೆಗಳನ್ನು ಗಿಡದಿಂದ ಗಿಡಕ್ಕೆ ಹೋಗುವಾಗ ಬ್ಲೀಚ್ ದ್ರಾವಣದಲ್ಲಿ ಅದ್ದಬೇಕು, ಇಲ್ಲವೇ ಬೆಂಕಿಗೆ ಹಿಡಿಯಬೇಕು. ಇಬ್ಬರಿಗೆ ಮೂರು ಕುಡುಗೋಲು ಇಟ್ಟುಕೊಂಡರೆ ಒಂದು ದ್ರಾವಣದಲ್ಲಿ ನೆನೆಯುತ್ತಿರುವಾಗ ಕೆಲಸ ನಿಲ್ಲದು.

ರೋಗ ಕಂಡಾಗ ಮೊದಲು ಆ ಭಾಗದ ಡ್ರಿಪ್ ಬಂದ್ ಮಾಡಿ, ಅಲ್ಲಿ ಆಳುಗಳು ಓಡಾಡದಂತೆ ಗುರುತು ಹಾಕಬೇಕು. ಬಾಡಿದ ಗಿಡವನ್ನು ಗಡ್ಡೆ ಸಮೇತ ಕಿತ್ತು ಅಲ್ಲಿಯೇ ಒಣಗಿಸಿ ಸುಡಬೇಕು, ಇಲ್ಲವೇ ನೀರು ಹರಿಯದ ಎತ್ತರದ ಜಾಗದಲ್ಲಿ ಆಳವಾಗಿ ಹೂಳಬೇಕು. ಹಳ್ಳಕ್ಕೆ, ತಿಪ್ಪೆಗೆ, ದನದ ಮೇವಿಗೆ ಬೇಡ. ಮೋಕೋ ಎಂದು ಖಚಿತವಾದರೆ ಸುತ್ತಲಿನ ಒಂದು ವರಸೆ ಗಿಡಗಳನ್ನೂ ತ್ಯಾಗ ಮಾಡಿ ಆ ಜಾಗವನ್ನು ತಿಂಗಳುಗಟ್ಟಲೆ ಬಾಳೆಯಿಲ್ಲದೆ ಬಿಡಬೇಕಾಗುತ್ತದೆ. ನೋವಿನ ಕೆಲಸ. ಹತ್ತು ಗಿಡ ಉಳಿಸಲು ಹೋಗಿ ಸಾವಿರ ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ನೋವು.

ಉಗಾಂಡಾ ಕಲಿಸಿದ್ದು

ಇಷ್ಟೆಲ್ಲ ನಿಯಮಗಳನ್ನು ರೈತರು ನಿಜವಾಗಿ ಪಾಲಿಸುತ್ತಾರೆಯೇ ಎಂಬ ಪ್ರಶ್ನೆ ನ್ಯಾಯವಾದದ್ದು. ಪೂರ್ವ ಆಫ್ರಿಕಾದಲ್ಲಿ ಇದಕ್ಕೆ ಉತ್ತರವಿದೆ. ಇಥಿಯೋಪಿಯಾದಲ್ಲಿ ಬಾಳೆಯ ಸೋದರ ಸಸ್ಯ ಎನ್ಸೆಟ್‌ನ ಮೇಲೆ 1960ರ ದಶಕದಲ್ಲಿ ಗುರುತಿಸಲಾದ ಜಾಂಥೋಮೊನಾಸ್ ಸೊರಗು ರೋಗ 2001ರಲ್ಲಿ ಉಗಾಂಡಾದ ಬಾಳೆ ತೋಟಗಳಲ್ಲಿ ಕಾಣಿಸಿಕೊಂಡು ನೆರೆಯ ದೇಶಗಳಿಗೂ ದಾಟಿತು. ಬಾಳೆಯನ್ನೇ ಊಟವಾಗಿ ತಿನ್ನುವ ಜನ ಅವರು. ರೋಗ ಕಂಡರೆ ಇಡೀ ಬುಡವನ್ನು ಕಂದುಗಳ ಸಮೇತ ಅಗೆದು ತೆಗೆಯಿರಿ ಎಂದು ಅಧಿಕಾರಿಗಳು ಮೊದಲು ಹೇಳಿದರು. ಮೈಮುರಿಯುವ ಕೆಲಸ, ಅನೇಕರು ಮಾಡದೆ ಬಿಟ್ಟರು. ಎಲ್ಲ ಕಂದುಗಳಿಗೂ ರೋಗ ಇಳಿದಿರುವುದಿಲ್ಲ ಎಂದು ಸಂಶೋಧಕರು ಆಮೇಲೆ ಕಂಡುಕೊಂಡರು. ಬಾಡಿದ ಕಾಂಡವನ್ನಷ್ಟೇ ನೆಲಮಟ್ಟದಲ್ಲಿ ಕಡಿಯುವುದು, ಮತ್ತೆ ಮತ್ತೆ ಬಂದು ನೋಡುವುದು, ಹೂವನ್ನು ಕೋಲಿನಿಂದ ಮುರಿಯುವುದು, ಕತ್ತಿಯನ್ನು ಬೆಂಕಿಗೆ ಹಿಡಿಯುವುದು: ಈ ಸರಳ ಪದ್ಧತಿ ಊರಿಡೀ ಒಟ್ಟಾಗಿ ಹಿಡಿದ ಕಡೆ ರೋಗ ಹತೋಟಿಗೆ ಬಂತು. ಒಬ್ಬರು ಮಾಡಿ ನೆರೆಯವರು ಬಿಟ್ಟ ಕಡೆ ಮರುಕಳಿಸಿತು.

ರೋಗ ಬೇರೆಯಾದ್ದರಿಂದ ಅಲ್ಲಿನ ವಿಧಾನವನ್ನು ಇದ್ದಂತೆಯೇ ಇಲ್ಲಿಗೆ ತರಲಾಗದು. ಗಡ್ಡೆಯೇ ಕೊಳೆತಾಗ ಕಾಂಡ ಮಾತ್ರ ಕಡಿದು ಫಲವಿಲ್ಲ. ತರಬೇಕಾದದ್ದು ಆ ಕ್ರಮದ ಹಿಂದಿನ ವಿವೇಕ: ಜನ ಮಾಡಬಲ್ಲಷ್ಟನ್ನೇ ಹೇಳಿ, ಅದನ್ನು ಎಲ್ಲರೂ ಮಾಡುವಂತೆ ನೋಡಿಕೊಳ್ಳುವುದು.

ಯಾರ ಕೆಲಸ ಏನು

2008ರಲ್ಲಿ ರಾಯಚೂರಿನಲ್ಲಿ ಕೃಷಿ ವಿಶ್ವವಿದ್ಯಾಲಯವೂ ಬಾಗಲಕೋಟೆಯಲ್ಲಿ ತೋಟಗಾರಿಕೆ ವಿಶ್ವವಿದ್ಯಾಲಯವೂ ಹುಟ್ಟಿದವು. ತಿರುಚಿರಾಪಳ್ಳಿಯಲ್ಲಿ ಬಾಳೆಗೆಂದೇ ರಾಷ್ಟ್ರೀಯ ಸಂಶೋಧನಾ ಕೇಂದ್ರ 1993ರಿಂದ ಇದೆ. ಜ್ಞಾನಕ್ಕೆ ಕೊರತೆಯಿಲ್ಲ, ಕೊರತೆ ಇರುವುದು ಅದು ಹೊಲ ತಲುಪುವುದರಲ್ಲಿ. ಬಾಡಿದ ಗಿಡ ಹಿಡಿದ ದೇವದುರ್ಗದ ರೈತ ಎರಡು ದಿನದೊಳಗೆ ರೋಗದ ಹೆಸರು ತಿಳಿಯುವಂತಾಗಬೇಕು. ರೈತ ಸಂಪರ್ಕ ಕೇಂದ್ರಗಳಲ್ಲೇ ಮಾದರಿ ತೆಗೆದುಕೊಂಡು ರಾಯಚೂರಿಗೆ ಕಳಿಸುವ ಏರ್ಪಾಡು ದೊಡ್ಡ ಖರ್ಚಿನದೇನಲ್ಲ. ತೋಟಗಾರಿಕೆ ಇಲಾಖೆ ಸಹಾಯಧನದ ಸಸಿ ಕೊಡಿಸುವಾಗ ನರ್ಸರಿಯ ತಪಾಸಣೆಯನ್ನೂ ಅದಕ್ಕೆ ಜೋಡಿಸಬಹುದು.

ರೈತರ ಪಾಲಿನದು ಇನ್ನೂ ಹತ್ತಿರದ ಕೆಲಸ. ನೀರು ಬಳಕೆದಾರರ ಸಹಕಾರ ಸಂಘಗಳು ಕಾಲುವೆಯ ಪಾಳಿಯ ಬಗ್ಗೆ ಸಭೆ ಸೇರುತ್ತವೆ. ರೋಗದ ಗಿಡವನ್ನು ಹಳ್ಳ, ಕಾಲುವೆಗೆ ಎಸೆಯಬಾರದು ಎಂಬ ಒಂದು ಕಟ್ಟಳೆಯನ್ನು ಅದೇ ಸಭೆಯಲ್ಲಿ ಮಾಡಬಹುದು. ತೋಟದವರು ಕೂಡಿ, ಬ್ಲೀಚ್ ಬಕೀಟಿನಲ್ಲಿ ಕುಡುಗೋಲು ಅದ್ದದೆ ಯಾವ ಕಟಾವಿನ ಆಳೂ ತೋಟಕ್ಕೆ ಕಾಲಿಡಬಾರದು ಎಂದು ವ್ಯಾಪಾರಿಗೆ ಹೇಳಬಹುದು. ಒಬ್ಬ ಹೇಳಿದರೆ ವ್ಯಾಪಾರಿ ಬೇರೆ ತೋಟ ನೋಡಿಕೊಳ್ಳುತ್ತಾನೆ. ಊರೇ ಹೇಳಿದರೆ ಬಕೀಟು ತಾನೇ ತರುತ್ತಾನೆ. ಬಾಡಿದ ಗಿಡವನ್ನು ಮುಚ್ಚಿಡದೆ ನೆರೆಯವನಿಗೆ ತಿಳಿಸುವುದಕ್ಕೆ ಕಾಸಿನ ಖರ್ಚಿಲ್ಲ. ಬ್ಯಾಕ್ಟೀರಿಯಾ ಸೊರಗು ರೋಗದ ಹತೋಟಿ ಶುರುವಾಗಬೇಕಾದದ್ದು ಅಲ್ಲಿಂದಲೇ.